ಲ್ಯಾಪ್‌ಟಾಪಿಗೆ ಹೊಲಿದ ಕೌದಿ

ಜಹೀರಾಬಾದಿನ ಲ್ಯಾಪ್‌ಟಾಪ್ ರಿಪೇರಿಯವರೊಬ್ಬರು ತಿರುಪು ಬಿಚ್ಚುವ ಮೊದಲು, ಜ್ವರ ನೋಡುವವರ ಹಾಗೆ, ಬೆರಳ ಹಿಂಬದಿಯಿಂದ ಮಷೀನನ್ನು ಮುಟ್ಟುತ್ತಿದ್ದರು. "ಮೊದಲ ಮುಟ್ಟಿ ನೋಡಬೇಕ್ರಿ" ಎನ್ನುವುದು ಅವರ ಮಾತು.

ಒಮ್ಮೆ ನಾರಾಯಣಖೇಡದ ನಮ್ಮ ಮನೆಗೂ ಬಂದರು. ನಾನು ಗ್ರಾಫಿಕ್ಸ್ ಚಿಪ್ಪನ್ನು ಓವರ್‌ಕ್ಲಾಕ್ ಮಾಡಿ, ಅದರ ಮಿತಿಗಿಂತ ಜೋರಾಗಿ ಓಡಿಸುತ್ತಿದ್ದೆ. ಆದರೂ ರೇಸಿನ ಆಟದಲ್ಲಿ ಕಾರು ತಿರುವು ತಿರುವಿಗೂ ತಡವರಿಸುತ್ತಿತ್ತು.

ಆಟ ನಡೆದಿರುವಾಗಲೇ ಅವರು ಮುಟ್ಟಿ, ಥಟ್ಟನೆ ಕೈ ಹಿಂದೆಗೆದರು. ಲ್ಯಾಪ್‌ಟಾಪ್ ಎತ್ತಿದರೆ ಕೆಳಗೆ ಅವ್ವ ಹಳೆ ಬಟ್ಟೆ ಸೇರಿಸಿ ಹೊಲಿದ ಪುಟ್ಟ ಕೌದಿ. ಬಿಸಿ ಗಾಳಿ ಹೊರಹೋಗುವ ಕಿಂಡಿಗಳನ್ನೆಲ್ಲ ಅದು ಮುಚ್ಚಿತ್ತು.

"ಕಲ್ಲಿನ ನೆಲದ ಮ್ಯಾಲ ಇಟ್ರ ಪೆಟ್ಟು ಹತ್ತತದಂತ ನಾನೇ ಹೊಲ್ದೀನ್ರಿ. ಅದರಿಂದನ ಕೆಟ್ಟದೇನ್ರಿ?" ಅವ್ವನ ದನಿ ಇಳಿದಿತ್ತು.

ಅವರು ಕೌದಿಯ ಹೊಲಿಗೆ ಸವರಿದರು. "ನಿಮ್ಮ ಮಗ ಭಾಳ ಓಡಿಸ್ಯಾನ್ರಿ ಅಕ್ಕಾ, ಅದಕ್ಕ ಬಿಸಿ ಆಗ್ಯದ. ಕೌದಿ ಚಲೋ ಅದ. ನನಗ ಕೊಡ್ತೀರೇನ್ರಿ?"

ಆಮೇಲೆ ಓವರ್‌ಕ್ಲಾಕ್ ತೆಗೆದು, ಲ್ಯಾಪ್‌ಟಾಪನ್ನು ನೆಲಕ್ಕೆ ಹಾಸುವ ತಾಂಡೂರು ಕಲ್ಲಿನ ಎರಡು ತುಂಡುಗಳ ಮೇಲೆ, ಅಡಿಯಲ್ಲಿ ಗಾಳಿಯಾಡುವ ಹಾಗೆ ಕೂರಿಸಿದರು. ಕಾರು ತಡೆಯಿಲ್ಲದೆ ಓಡಿತು.

ಬಹಳ ದಿನದ ಮೇಲೆ ಹೇಳದೆ ಕೇಳದೆ ಅವರ ಅಂಗಡಿಗೆ ಹೋದೆ. ಅದೇ ಕೌದಿಯನ್ನು ಕುರ್ಚಿಗೆ ಹಾಸಿಕೊಂಡು ಕೂತಿದ್ದರು. ಅದರ ಅಂಚು ಸವೆದುಹೋಗಿತ್ತು.