ಪಾರಿವಾಳದ ತಗ್ಗಿಗೆ ಇಳಿದ ಅರ್ಜುನ ಮಾಸ್ತರ

ಬೈಲಹೊಂಗಲದಲ್ಲಿ ಕಾರು ಓಡಿಸುವವರಲ್ಲಿ ಅರ್ಧ ಜನ ಅರ್ಜುನ ಮಾಸ್ತರರ ಕೈಯಲ್ಲಿ ಕಲಿತವರು. ಉಳಿದರ್ಧ ಜನ ಅವರ ಹತ್ತಿರ ನಾಲ್ಕು ದಿನ ಬೈಸಿಕೊಂಡು, ಬೇರೆ ಕಡೆ ಹೋಗಿ ಕಲಿತವರು. ನಾನು ಮೊದಲ ಗುಂಪಿನವನು. ಬೈಗುಳದ ಪೂರ್ತಿ ಕೋರ್ಸು ಮುಗಿಸಿದವನು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ‘ಪ್ರಬುದ್ಧ ಮೋಟಾರ್ ಡ್ರೈವಿಂಗ್ ಸ್ಕೂಲ್’ ಇದೆ. ಒಂದೇ ಖೋಲಿ. ಗೋಡೆಯ ಮೇಲೆ ಕಣ್ಣು ಮುಚ್ಚಿ ಕುಳಿತ ಬುದ್ಧನ ಫೋಟೊ, ಅದರ ಪಕ್ಕದಲ್ಲಿ ರಸ್ತೆ ಚಿಹ್ನೆಗಳ ಚಾರ್ಟು. ಹೊರಗೆ ನಿಂತಿರುವ ಬಿಳಿ ಕಾರಿನಲ್ಲಿ, ಎಡಗಡೆಯ ಸೀಟಿನ ಕೆಳಗೆ ಇನ್ನೊಂದು ಬ್ರೇಕು. ಆ ಬ್ರೇಕಿನ ಮೇಲೆ ಮಾಸ್ತರರ ಬಲಗಾಲು. ವರ್ಷಗಟ್ಟಲೆ ಒತ್ತಿ ಒತ್ತಿ ಆ ಕಾಲು ಬ್ರೇಕು ಇಲ್ಲದ ಕಡೆಯೂ ಒತ್ತುವುದನ್ನು ಕಲಿತುಬಿಟ್ಟಿತ್ತು. ಬಸ್ಸಿನಲ್ಲಿ ಕುಳಿತರೆ ಮುಂದಿನ ಸೀಟಿನ ಕಂಬಿಯನ್ನು ಒತ್ತುವರು. ಮಲಗಿದಾಗ ಮಂಚದ ಪಟ್ಟಿಯನ್ನು ಒತ್ತುವರು. ಇದನ್ನು ಹೇಳಿದವರು ಅವರ ಹೆಂಡತಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಪ್ರಜ್ಞಾ. “ನಾ ಈ ಮನಿಗೆ ಬಂದಾಗಿಂದ ಎರಡು ಮಂಚ ಮುರದಾವ ನೋಡ್ರಿ. ಜನಾ ಏನೇನೋ ತಿಳಕೊಂಡ್ರು. ಅವನ್ನ ಮುರದದ್ದು ಇವರ ಬಲಗಾಲು.”

ಅದಕ್ಕೆ ಕಾರಣವೂ ಇತ್ತು. ಹರೆಯದಲ್ಲಿ ಮಾಸ್ತರ ಕಬ್ಬಿನ ಲಾರಿಯ ಕ್ಲೀನರ್ ಆಗಿದ್ದರು. ಒಂದು ಬೆಳಗಿನ ಜಾವ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಹೊರಟ ಲಾರಿಯಲ್ಲಿ ಡ್ರೈವರನ ತಲೆ ಸ್ಟೇರಿಂಗಿನತ್ತ ಬಾಗುವುದನ್ನು ಎಡಗಡೆ ಕುಳಿತಿದ್ದ ಇವರು ನೋಡಿದರು. ಕೂಗಲು ಬಾಯಿ ಬರಲಿಲ್ಲ. ಬಲಗಾಲು ಮಾತ್ರ ಲಾರಿಯ ತಗಡಿನ ನೆಲವನ್ನು ಜೋರಾಗಿ ಒತ್ತಿತು. ಲಾರಿ ಅದನ್ನು ಕೇಳಲಿಲ್ಲ. ರಸ್ತೆ ಬಿಟ್ಟು ಯಾರದೋ ಜೋಳದ ಹೊಲಕ್ಕೆ ಹೋಗಿ ನಿಧಾನವಾಗಿ ಒರಗಿತು. ಯಾರಿಗೂ ಗಾಯವಾಗಲಿಲ್ಲ. ಸುತ್ತಲಿನ ಜನ ಬಂದು ಕಬ್ಬು ತಿಂದು ಹೋದರು. ಮಾಸ್ತರರ ಕಾಲು ಮಾತ್ರ ಒತ್ತಿದ್ದನ್ನು ಬಿಡಲೇ ಇಲ್ಲ. ಇನ್ನೊಬ್ಬರ ಬ್ರೇಕನ್ನು ನಂಬಬಾರದು ಎಂಬುದೊಂದೇ ಅವರ ಸಿದ್ಧಾಂತ. ಅದರ ಮೇಲೆಯೇ ಸ್ಕೂಲು ಕಟ್ಟಿದರು.

ಅವರಿಗೆ ಸರಿಹೋಗದ ಶಿಷ್ಯೆಯೆಂದರೆ ಸಪ್ನಾ. ಊರಿನ ಒಂದು ದವಾಖಾನೆಯಲ್ಲಿ ನರ್ಸು. ಎಲ್ಲರೂ ಬ್ರೇಕು ಹಾಕುವುದನ್ನು ಮರೆತರೆ ಈಕೆ ಹಾಕಿದ್ದನ್ನು ತೆಗೆಯುವುದನ್ನು ಮರೆಯುತ್ತಿದ್ದಳು. ಕೋಳಿ ಅಡ್ಡ ಬಂದರೆ ಬ್ರೇಕು, ಕೋಳಿ ಬರಬಹುದು ಅನ್ನಿಸಿದರೂ ಬ್ರೇಕು. ಲೈಸೆನ್ಸಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಳು. “ಪಾದಾ ತಗಿ ಯವ್ವಾ! ಬ್ರೇಕಿನ ಮ್ಯಾಲಿನ ಪಾದಾ ತಗಿ!” ಎಂದು ಮಾಸ್ತರ ಕೂಗುವುದು ಓಣಿಯ ಕೊನೆಯವರೆಗೂ ಕೇಳುತ್ತಿತ್ತು. ಆಕೆ ಓಡಿಸುವಾಗ ಮಾತ್ರ ಮಾಸ್ತರರ ಕಾಲಿಗೆ ಕೆಲಸವಿರಲಿಲ್ಲ. ಬಹುಶಃ ಸಿಟ್ಟಿಗೆ ಅದೇ ಕಾರಣ.

ಸಪ್ನಾಳ ಜೊತೆಯಲ್ಲೇ ಕಲಿತ ಸುನೀಲ, ಸವದತ್ತಿ ಕಡೆಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ರಿಪೇರಿ ಮಾಡುವವನು. ವಾರವಿಡೀ ಕಂಬದ ತುದಿಯಲ್ಲಿ ಹಗ್ಗ ಕಟ್ಟಿಕೊಂಡು ಜೋತಾಡುವ ಈತ ರಜೆ ಸಿಕ್ಕರೆ ಅದೇ ಹಗ್ಗ ತೆಗೆದುಕೊಂಡು ಗವಿಗಳಿಗೆ ಇಳಿಯುತ್ತಿದ್ದ. ಸಪ್ನಾಳೂ ಕೆಲವು ಸಲ ಜೊತೆಗೆ ಹೋಗಿದ್ದಳು. ರಾಮದುರ್ಗದ ಆಚೆ ಗುಡ್ಡದ ಮೇಲೆ ‘ಪಾರಿವಾಳದ ತಗ್ಗು’ ಎಂಬ ಆಳವಾದ ಗುಂಡಿಯೊಂದಿದೆ, ಶನಿವಾರ ಹೊರಟು ಭಾನುವಾರ ಇಳಿಯೋಣ ಎಂದು ಇಬ್ಬರೂ ಯೋಚಿಸಿದರು. ಕಾರು ಇರಲಿಲ್ಲ. ಸಪ್ನಾಳ ಮೂರನೆಯ ಪರೀಕ್ಷೆ ಹತ್ತಿರ ಬಂದಿತ್ತು. ಸುನೀಲ ಎರಡನ್ನೂ ಒಂದು ಮಾಡಿದ.

“ಸರ್, ಆಕಿಗೆ ದೂರದ ರೋಡಿನ ಪ್ರಾಕ್ಟೀಸ್ ಬೇಕಾಗೇತಿ. ಸ್ಕೂಲಿನ ಗಾಡಿ ತಗೊಂಡು ಹೋಗೂಣು. ನೀವು ಬಾಜೂಕ ಕುಂತ್ರ ಸಾಕು.”

“ನಾ ಕಾರಿನ ತನಕ ಅಷ್ಟ,” ಎಂದರು ಮಾಸ್ತರ. “ತಗ್ಗಿನ ಸುದ್ದಿ ನನ್ನ ಮುಂದ ತಗೀಬ್ಯಾಡ.”

ಜೊತೆಗೆ ಭೀಮಶಿಯೂ ಸೇರಿದ. ಬೇಕರಿ ನಡೆಸುವ ಈತ ಮಾಸ್ತರರ ಶಾಲೆಯ ಗೆಳೆಯ. ತಿನ್ನಲು ಖಾರಾ ಮತ್ತು ಬಟರ್ ಬಿಸ್ಕೀಟು ತನ್ನ ಬೇಕರಿಯವೇ ಆಗಬೇಕು ಎಂಬ ಷರತ್ತಿನ ಮೇಲೆ ಎಲ್ಲಿಗೆ ಕರೆದರೂ ಬರುವವನು. ಈ ಕಥೆಯ ಬಹುಭಾಗ ನನಗೆ ಹೇಳಿದವನೂ ಅವನೇ.

ಹೀಗೆ ಬೈಲಹೊಂಗಲದಿಂದ ಒಂದು ಸಾಹಸಯಾತ್ರೆ ನೆತ್ತಿಯ ಮೇಲೆ ‘ಪ್ರಬುದ್ಧ’ ಎಂಬ ಬೋರ್ಡು, ಹಿಂದೆ ಮುಂದೆ ಕೆಂಪು ‘ಎಲ್’ ಅಕ್ಷರ ಹೊತ್ತು ಹೊರಟಿತು. ಮುರಗೋಡ ದಾಟುವುದರೊಳಗೆ ಎರಡು ಟ್ರೇಲರು ಕಬ್ಬು ಹೇರಿದ ಟ್ರ್ಯಾಕ್ಟರು ಕೂಡ ಇವರನ್ನು ಹಿಂದೆ ಹಾಕಿ ಮುಂದೆ ಹೋಯಿತು. ಅದರ ಡ್ರೈವರ್ ತಿರುಗಿ ನೋಡಿ ಕೈ ಮುಗಿದ. ಮಾಸ್ತರ ಬೈದದ್ದು ಅವನಿಗಲ್ಲ, ಸಪ್ನಾಳಿಗೆ. ಸಂಜೆಗೆ ಸವದತ್ತಿಯ ಸುನೀಲನ ಖೋಲಿ ಸೇರಿದರು. ಮರುದಿನ ಬೆಳಿಗ್ಗೆ ಸಿರಸಂಗಿಯ ಮೇಲೆ ಹಾದು, ಬಿಸಿಲು ಏರುವ ಹೊತ್ತಿಗೆ ಆ ಗುಡ್ಡದ ಬುಡದಲ್ಲಿದ್ದರು.

ತಗ್ಗು ಗುಡ್ಡದ ನೆತ್ತಿಯಲ್ಲಿತ್ತು. ಕೆಂಪು ಬಂಡೆ ಬಾಯಿ ತೆರೆದಂತೆ ಸೀಳಿತ್ತು. ಒಳಗೆ ಮೂರು ಅಂತಸ್ತಿನ ಮನೆಯನ್ನು ನಿಲ್ಲಿಸಬಹುದಾದಷ್ಟು ಆಳ. ಸುನೀಲ ಆನೆಯಂಥ ಬಂಡೆಯೊಂದಕ್ಕೆ ಎರಡು ಹಗ್ಗ ಬಿಗಿದ. ಒಂದು ತಾನು ಇಳಿಯುವುದಕ್ಕೆ. ಇನ್ನೊಂದು ಉಳಿದವರನ್ನು ಇಳಿಸುವುದಕ್ಕೆ. ಆ ಹಗ್ಗ ಉಕ್ಕಿನ ಒಂದು ಹಿಡಿಕೆಯ ಮೂಲಕ ಹಾದು ಹೋಗುತ್ತಿತ್ತು. ಹಿಡಿಕೆ ಎಳೆದರೆ ಹಗ್ಗ ಸರಿಯುತ್ತದೆ, ಕೈ ಬಿಟ್ಟರೆ ಕಚ್ಚಿಕೊಂಡು ನಿಲ್ಲುತ್ತದೆ. ಅದನ್ನು ಹಿಡಿಯುವವಳು ಸಪ್ನಾ.

ಸುನೀಲ ಇಳಿಯುವಾಗ ಮಾಸ್ತರ ಅಂಚಿನಿಂದ ದೂರ, ಒಂದು ಕಾರೇಗಿಡವನ್ನು ಹಿಡಿದು ನಿಂತು, “ಎಡಕ್ಕ! ಸಾವಕಾಶ! ಕಾಲು ನೋಡು!” ಎಂದು ಕೂಗುತ್ತಲೇ ಇದ್ದರು. ಅವರಿಗೆ ಅಲ್ಲಿಂದ ಸುನೀಲ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ಬಂದಳು. ಹೆಸರು ಕಾಡವ್ವ. ಹಗ್ಗ ನೋಡಿದಳು, ತಗ್ಗು ನೋಡಿದಳು.

“ಏನ ಬಿದ್ದೈತಿ ಯಪ್ಪಾ ಒಳಗ?”

“ಏನೂ ಬಿದ್ದಿಲ್ಲಬೇ,” ಎಂದ ಭೀಮಶಿ.

“ಮತ್ತ್ಯಾಕ ಇಳ್ಯಾಕತ್ತೀರಿ?”

ಭೀಮಶಿ ಆಕೆಯತ್ತ ಖಾರಾದ ಪೊಟ್ಟಣ ಚಾಚಿದ. ಕಾಡವ್ವ ಒಂದು ಹಿಡಿ ತೆಗೆದುಕೊಂಡು, ತನ್ನ ಕರಿ ಆಡೊಂದು ಹೋದ ವರ್ಷ ಇಲ್ಲೇ ಕಾಣೆಯಾಗಿದೆ, ಇಳಿಯುವುದಂತೂ ಇಳಿಯುತ್ತೀರಿ, ಅದರ ಕೊರಳ ಗಂಟೆ ಸಿಕ್ಕರೆ ತನ್ನಿ ಎಂದಳು. ಆಮೇಲೆ ಗಿಡ ಹಿಡಿದು ನಿಂತ ಮಾಸ್ತರರನ್ನು ನೋಡಿ ಮರುಕದಿಂದ, “ಇವ್ರನ್ನೇನ ಇಳಸಬ್ಯಾಡ್ರಿ. ಮಾರಿ ನೋಡ್ರಿ, ಬೆವತೈತಿ. ಅಂಜ್ಯಾರ ಪಾಪ,” ಎಂದಳು.

ಮಾಸ್ತರ ಗಿಡ ಬಿಟ್ಟರು. “ಯಾರಬೇ ಅಂಜ್ಯಾರು?”

ಆಮೇಲೆ ಅವರನ್ನು ತಡೆಯಲು ಭೀಮಶಿ ನಿಜವಾಗಿಯೂ ಪ್ರಯತ್ನಿಸಿದನಂತೆ. ಅದನ್ನು ನಾನು ನಂಬುವುದಿಲ್ಲ. ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದು, ತಲೆಗೆ ಹೆಲ್ಮೆಟ್ ಹಾಕಿ, ಅಂಚಿನಲ್ಲಿ ಕುಳಿತ ಮೇಲೆ ಮಾಸ್ತರರಿಗೆ ಹಗ್ಗದ ಇನ್ನೊಂದು ತುದಿಯ ನೆನಪಾಯಿತು. ತಿರುಗಿ ನೋಡಿದರು. ಹಿಡಿಕೆಯ ಮೇಲೆ ಸಪ್ನಾಳ ಕೈ.

“ಭೀಮಶಿ, ನೀ ಹಿಡಿಯೋ.”

“ನನಗ ಬರೂದಿಲ್ಲಲೇ. ನಾ ವಿಡಿಯೋ ಮಾಡ್ತೇನಿ.”

“ಸರ್, ‘ಬಿಡು’ ಅಂದ್ರ ಬಿಡ್ತೇನಿ, ‘ಹಿಡಿ’ ಅಂದ್ರ ಹಿಡೀತೇನಿ,” ಎಂದಳು ಸಪ್ನಾ. ಆಕೆಯ ಮುಖದಲ್ಲಿ ನಗು ಇರಲಿಲ್ಲ. ಇಂಜೆಕ್ಷನ್ ಕೊಡುವ ಮೊದಲು ಇರುವಂಥ ಶಾಂತಿ ಇತ್ತು.

ಮಾಸ್ತರ ಅಂಚಿನಿಂದ ಇಳಿದರು. ಒಂದು ಮೊಳ ಇಳಿದಿರಲಿಲ್ಲ, “ಬ್ರೇಕ್!” ಎಂದರು. ಹಗ್ಗ ನಿಂತಿತು. “ಬಿಡು.” ಇನ್ನೊಂದು ಮೊಳ. “ಬ್ರೇಕ್!” ನಿಂತಿತು. ಜರ್ಕು ಇಲ್ಲ, ಜೋಲಿ ಇಲ್ಲ. ಹೀಗೇ ನಡೆಯಿತು. ಕಾಡವ್ವ ಒಂದು ಬಂಡೆಯ ಮೇಲೆ ಕುಳಿತು ಎಲೆ ಅಡಿಕೆ ತೆಗೆದಳು. ಭೀಮಶಿಯ ಫೋನಿನ ಜಾಗ ತುಂಬಿತು.

ಅರ್ಧ ಇಳಿದಾಗ ಗೋಡೆಯ ಗೂಡುಗಳಿಂದ ಪಾರಿವಾಳಗಳು ಒಮ್ಮೆಲೇ ಎದ್ದವು. ರೆಕ್ಕೆ, ಧೂಳು, ಸದ್ದು ಎಲ್ಲ ಮುಖದ ಮೇಲೆಯೇ. ಮಾಸ್ತರ ಕಣ್ಣು ಮುಚ್ಚಿ, “ಬ್ರೇಕ್! ಬ್ರೇಕ್! ಬ್ರೇಕ್!” ಎಂದು ಚೀರಿದರು. ಸಪ್ನಾ ಮೊದಲ ಕೂಗಿಗೇ ಹಿಡಿದಿದ್ದಳು. ಪಾರಿವಾಳಗಳು ಹಾರಿ ಹೋದವು. ಮಾಸ್ತರ ಕಣ್ಣು ತೆರೆದು, ಉಸಿರು ಸುಧಾರಿಸಿಕೊಂಡು, “ಬಿಡು” ಎಂದರು. ಸಪ್ನಾ ಬಿಟ್ಟಳು. ಮಾಸ್ತರ ಇಳಿಯಲಿಲ್ಲ. ಬದಲಿಗೆ ಮೈ ಒಂದು ಕಡೆ ವಾಲಿತು.

“ಬಿಡು ಅಂದ್ನೆಲ್ಲ!”

“ಬಿಟ್ಟೇನ್ರೀ ಸರ್. ಹಗ್ಗ ಸಡ್ಲ ಆಗಾಕತ್ತೈತಿ, ನೀವು ಬರವಲ್ರಿ.” ಹಗ್ಗ ಸಡಿಲವಾದದ್ದು ಕಂಡ ಕೂಡಲೇ ಆಕೆ ಹಿಡಿಕೆಯಿಂದ ಕೈ ತೆಗೆದು ಹಗ್ಗವನ್ನು ನಿಲ್ಲಿಸಿದ್ದಳು.

ಕೆಳಗಿನಿಂದ ಸುನೀಲ ಟಾರ್ಚಿನ ಬೆಳಕು ಬಿಟ್ಟು ನೋಡಿದ. ಮಾಸ್ತರರ ಬಲಗಾಲು ಗೋಡೆಯ ಸೀಳೊಂದರಲ್ಲಿ ಹಿಮ್ಮಡಿಯವರೆಗೂ ಹೊಕ್ಕಿತ್ತು. ಪಾರಿವಾಳ ಎದ್ದಾಗ ಕಾಲು ತನ್ನ ಕೆಲಸ ತಾನು ಮಾಡಿತ್ತು. ಈಗಲೂ ಮಾಡುತ್ತಿತ್ತು, ಬಂಡೆಯನ್ನು ಒತ್ತುತ್ತಲೇ ಇತ್ತು. ಒತ್ತಿದಷ್ಟೂ ಬೂಟು ಬಿಗಿಯುತ್ತಿತ್ತು.

“ಸಪ್ನಾ, ಸರ್ ಕಾಲು ಸಿಗಬಿದ್ದೈತಿ!” ಎಂದು ಸುನೀಲ ಕೂಗಿದ. “ಒತ್ತೂದು ಬಿಡಾಕ ಹೇಳು!”

ಸಪ್ನಾ ಹೊಟ್ಟೆಯ ಮೇಲೆ ಮಲಗಿ ಅಂಚಿನಿಂದ ತಲೆ ಹೊರಗೆ ಹಾಕಿದಳು. “ಸರ್, ಪಾದಾ ತಗೀರಿ.”

“ಬರವಲ್ದು!”

“ಬರತೈತ್ರಿ ಸರ್. ಬ್ರೇಕಿನ ಮ್ಯಾಲಿನ ಪಾದಾ ತಗೀರಿ.”

ಆಕೆ ವ್ಯಂಗ್ಯಕ್ಕೆ ಹೇಳಲಿಲ್ಲ ಎಂದು ಭೀಮಶಿ ಆಣೆ ಮಾಡುತ್ತಾನೆ. ತಗ್ಗಿನ ಗೋಡೆಗಳು ಮಾತ್ರ ಆ ಮಾತನ್ನು ಮತ್ತೆ ಮತ್ತೆ ಹೇಳಿದವು. ಮಾಸ್ತರ ಹಗ್ಗ ಜಗ್ಗಿ ನೋಡಿದರು. ಅದು ಬಂಡೆಯಷ್ಟೇ ಗಟ್ಟಿಯಾಗಿತ್ತು. ಮೇಲೆ ನೋಡಿದರು. ತಮ್ಮ ಕೈಯಲ್ಲಿ ಕಲಿತು ಎರಡು ಸಲ ಫೇಲಾದ ಹುಡುಗಿಯ ಮುಖ ಬೆಳಕಿನ ನಡುವೆ ಕಾಣುತ್ತಿತ್ತು.

“ಖರೇನ ಹಿಡದೀ?” ಎಂದು ಕೇಳಿದರು. ದನಿ ಬಹಳ ಸಣ್ಣದಾಗಿತ್ತು.

“ಹಿಡದೇನ್ರೀ.”

ಬಾಗಿ ಬೂಟಿನ ಲೇಸು ಬಿಚ್ಚಿದರು. ಕಾಲು ಸಡಿಲ ಬಿಟ್ಟರು. ಪಾದ ಹೊರಗೆ ಬಂತು, ಬೂಟು ಬಂಡೆಯಲ್ಲೇ ಉಳಿಯಿತು. ಸಪ್ನಾ ಮತ್ತೆ ಹಿಡಿಕೆಗೆ ಹೋದಳು. ಅಲ್ಲಿಂದ ತಳದವರೆಗೆ ಮಾಸ್ತರ ಒಮ್ಮೆಯೂ ‘ಬ್ರೇಕ್’ ಎನ್ನಲಿಲ್ಲ.

ತಳದಲ್ಲಿ ತಂಪಿತ್ತು. ಮೇಲಿನ ಬಾಯಿಯಿಂದ ಬಿಸಿಲಿನ ಒಂದು ಪಟ್ಟಿ ಇಳಿದು, ಪಾರಿವಾಳದ ಹಿಕ್ಕೆಯ ಗುಡ್ಡೆಯ ಮೇಲೆ ಬಿದ್ದಿತ್ತು. ಸುನೀಲ ಏನೇನೋ ತೋರಿಸಿ ಹೇಳುತ್ತಿದ್ದ. ಮಾಸ್ತರರಿಗೆ ಅದೊಂದೂ ಕೇಳಲಿಲ್ಲ. ಬೂಟಿಲ್ಲದ ಬಲಪಾದವನ್ನು ತಣ್ಣನೆಯ ಮರಳಿನ ಮೇಲೆ ಇಟ್ಟು ಕುಳಿತರು. ಯಾರೂ ಎದುರಿಗೆ ಬರುವಂತಿರಲಿಲ್ಲ. ಎಡಕ್ಕೂ ಬಲಕ್ಕೂ ನೋಡುವಂಥದ್ದೇನೂ ಇರಲಿಲ್ಲ. ಅವರ ಕಣ್ಣು ತುಂಬಿ ಬಂತು ಎಂದು ಸುನೀಲ ಹೇಳುತ್ತಾನೆ. ಧೂಳು ಎಂದು ಮಾಸ್ತರ ಹೇಳುತ್ತಾರೆ. ಹಾಗೇ ಕುಳಿತಿದ್ದಾಗ ಕೈಗೆ ಆಡಿನ ಎಲುಬುಗಳ ನಡುವಿನಿಂದ ಒಂದು ಗಂಟೆ ಸಿಕ್ಕಿತು.

ಮೇಲೆ ಎಳೆಯುವುದಕ್ಕೆ ಸುನೀಲ ತಂದಿದ್ದ ರಾಟೆಗಾಲಿಯ ಮೇಲೆ ಹಗ್ಗ ಹಾಯಿಸಿ, ಸಪ್ನಾ, ಭೀಮಶಿ, ಕಾಡವ್ವ ಮೂವರೂ ಕೈ ಹಾಕಿದರು. ಅಂಚು ಹತ್ತಿದ ಮಾಸ್ತರ ಮೊದಲು ಮಾಡಿದ ಕೆಲಸವೆಂದರೆ ಕಾಡವ್ವನಿಗೆ ಗಂಟೆ ಕೊಟ್ಟದ್ದು. ಆಕೆ ತಿರುಗಿಸಿ ಮುರುಗಿಸಿ ನೋಡಿದಳು, ಅಲ್ಲಾಡಿಸಿ ಕೇಳಿದಳು.

“ಇದು ನಮ್ದಲ್ಲ,” ಎಂದಳು. ಆದರೂ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಆಡು ಹೊಡೆದುಕೊಂಡು ಹೋದಳು.

ವಾಪಸು ಬರುವಾಗ ಮಾಸ್ತರ ತಾವಾಗಿಯೇ ಹಿಂದಿನ ಸೀಟಿನಲ್ಲಿ ಕುಳಿತರು. ಸಪ್ನಾ ಓಡಿಸಿದಳು. ಎಡಗಡೆ ಕುಳಿತ ಭೀಮಶಿ, ಕಾಲ ಕೆಳಗಿನದು ಏನೆಂದು ನೋಡಲು ಒಮ್ಮೆ ಒತ್ತಿದ. ಮುರಗೋಡದ ಹತ್ತಿರ ನಡುರಸ್ತೆಯಲ್ಲಿ ಕಾರು ಗಕ್ಕನೆ ನಿಂತು, ಹಿಂದಿನಿಂದ ಬಂದ ಬೈಕಿನವನ ಬಾಯಿಂದ ಎಲ್ಲರ ಮನೆತನಗಳೂ ಉದ್ಧಾರವಾದವು. ಮಾಸ್ತರರಿಗೆ ಎಚ್ಚರವಾಗಲಿಲ್ಲ. ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಅವರು ನಿದ್ದೆ ಮಾಡಿದ್ದು ಅದೇ ಮೊದಲು.

ಅದೊಂದು ದಿನ ಮಾತ್ರ. ಸೋಮವಾರ ಬೆಳಿಗ್ಗೆ ಹೊಸ ಬೂಟು ಹಾಕಿ ಎಂದಿನಂತೆ ಎಡಗಡೆಯ ಸೀಟಿನಲ್ಲಿ ಕುಳಿತು ಎಂದಿನಂತೆ ಬೈದರು. ಸಪ್ನಾ ಮೂರನೆಯ ಪರೀಕ್ಷೆಯಲ್ಲಿ ಪಾಸಾದಳು. ತಾವು ಕೊಟ್ಟ ತರಬೇತಿಯೇ ಕಾರಣ ಎಂದು ಮಾಸ್ತರರೂ, ಪರೀಕ್ಷೆಯ ದಿನ ಮಾಸ್ತರ ಕಾರಿನಲ್ಲಿ ಇರದಿದ್ದದ್ದೇ ಕಾರಣ ಎಂದು ಭೀಮಶಿಯೂ ಹೇಳುತ್ತಾರೆ. ಸ್ಕೂಲಿನ ಗೋಡೆಗೆ ಈಗ ಸುನೀಲ ತೆಗೆದ ಇನ್ನೊಂದು ಫೋಟೊ ಬಂದಿದೆ: ಹೆಲ್ಮೆಟ್ ಹಾಕಿದ ಮಾಸ್ತರ ಹಗ್ಗದಲ್ಲಿ ಜೋತಾಡುತ್ತಿದ್ದಾರೆ. ಬೂಟಿಲ್ಲದ ಪಾದ ಕಾಣದಂತೆ ಫೋಟೊದಲ್ಲಿ ಮೊಣಕಾಲಿನ ಕೆಳಗಿನ ಭಾಗವನ್ನು ಕತ್ತರಿಸಲಾಗಿದೆ. ತಗ್ಗಿನ ಆಳ ವರ್ಷ ಕಳೆಯುವುದರೊಳಗೆ ಮೂರಂತಸ್ತಿನಿಂದ ಏಳಂತಸ್ತಾಯಿತು.

ಸುನೀಲನ ಗುಂಪು ಈಗ ದೊಡ್ಡದಾಗಿದೆ. ಮಾಸ್ತರರ ಹೆಂಡತಿ ಪ್ರಜ್ಞಾ ಕೂಡ ಒಮ್ಮೆ ಹೋಗಿ ಸದ್ದಿಲ್ಲದೆ ಇಳಿದು, ಕಲ್ಲಿನ ಪದರಗಳನ್ನು ನೋಡಿ, ಸದ್ದಿಲ್ಲದೆ ಹತ್ತಿ ಬಂದರು. ಮಾಸ್ತರ ಪ್ರತಿ ಸಲವೂ ಹೋಗುತ್ತಾರೆ. ಇಳಿಯುವುದಿಲ್ಲ. ಅಂಚಿನಿಂದ ದೂರ ನಿಂತು ಎಲ್ಲರಿಗೂ ಹೇಗೆ ಇಳಿಯಬೇಕೆಂದು ಹೇಳುತ್ತಾರೆ. ಹೊಸಬರು ಅವರನ್ನೇ ಗುಂಪಿನ ಗುರು ಎಂದು ತಿಳಿಯುತ್ತಾರೆ. ಹೋದ ಸಲ ಕಿತ್ತೂರಿನಿಂದ ಬಂದಿದ್ದ ಕಾಲೇಜಿನ ಉಪನ್ಯಾಸಕಿ ಪ್ರಣಿತಾ ಬಹಳ ಗೌರವದಿಂದ ಕೇಳಿದಳು, “ಸರ್, ನೀವು ಇಂಥಾ ತಗ್ಗು ಎಷ್ಟ ಇಳದೀರಿ?”

ಭೀಮಶಿ ಖಾರಾ ಮುಕ್ಕುವುದನ್ನು ನಿಲ್ಲಿಸಿದ. ಸಪ್ನಾ ಹಗ್ಗದ ಗಂಟನ್ನು ಇನ್ನೊಮ್ಮೆ ಪರೀಕ್ಷಿಸತೊಡಗಿದಳು.

“ಲೆಕ್ಕಾ ಇಟ್ಟಿಲ್ಲ ಬಿಡ್ರಿ,” ಎಂದರು ಮಾಸ್ತರ.