ಭದ್ರಮ್ಮ ಸಿಂಗಾರಿಯನ್ನು ನಡೆಸಿದ ವರ್ಷ

ಹನಗೋಡಿನ ಸುತ್ತ ಹೊಗೆಸೊಪ್ಪು ಕಟ್ಟುವ ಹೆಂಗಸರು ಬೇಕಾದಷ್ಟು ಇದ್ದರು. ಹಸಿ ಎಲೆಗಳನ್ನು ದಾರದಿಂದ ಕೋಲಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಕೋಣೆಯೊಳಗೆ ಸಾಲಾಗಿ ತೂಗುಹಾಕಿ, ಕೆಳಗಿನಿಂದ ಕಾವು ಕೊಟ್ಟು ಹದ ಮಾಡುವುದು ಅಲ್ಲಿನ ಕ್ರಮ. ಭದ್ರಮ್ಮ ಕಟ್ಟಿದ ಕೋಲಿನಿಂದ ಒಂದೇ ಒಂದು ಎಲೆ ಜಾರಿದ್ದನ್ನು ಯಾರೂ ಕಂಡಿರಲಿಲ್ಲ. ಬಾಯಿ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದರೂ ಬೆರಳು ಗಂಟು ತಪ್ಪುತ್ತಿರಲಿಲ್ಲ.

ಅವಳ ಗಂಡ ಮಂಚಯ್ಯ ಬೇರೆಯೇ ಜಾಯಮಾನದವನು. ಬಸ್ಸಿಳಿದವರನ್ನು ಜಟಕಾದಲ್ಲಿ ಕೂರಿಸಿಕೊಂಡು ಹಳ್ಳಿಗಳಿಗೆ ಮುಟ್ಟಿಸುವ ಅವನಿಗೆ ಊಟ, ಸ್ನಾನ, ಜಗಳ ಎಲ್ಲವೂ ಓಟದಲ್ಲೇ ಆಗಬೇಕು. ಅವನ ಕೆಂಚು ಕುದುರೆ ಸಿಂಗಾರಿಯೂ ಅದನ್ನೇ ಕಲಿತಿತ್ತು.

ತೊಂಬತ್ತೈದರ ಯುಗಾದಿ ಕಳೆದ ವಾರ, ಊರಿಗೆ ಹೊಸದಾಗಿ ಬಂದ ಆಟೋದ ಮೇಲೆ ಮಂಚಯ್ಯ ಪಂದ್ಯಕ್ಕೆ ಬಿದ್ದ. ಆಟೋ ಮುಂದೆ ಹೋಯಿತು. ಸಿಂಗಾರಿ ಕುಂಟುತ್ತಾ ಮನೆಗೆ ಬಂತು. ಎಡ ಮುಂಗಾಲಿನ ಹಿಂಭಾಗ, ಮಂಡಿಯ ಕೆಳಗೆ, ಬಾಳೆಕಾಯಿಯ ಹಾಗೆ ಉಬ್ಬಿತ್ತು.

ಹುಣಸೂರಿನಿಂದ ವಾರಕ್ಕೊಮ್ಮೆ ಬರುತ್ತಿದ್ದ ಪಶುವೈದ್ಯ ಗೌರೀಶ್ ಕಾಲನ್ನು ಎತ್ತಿ, ಒತ್ತಿ ನೋಡಿದರು.

"ಮೂಳೆ ಚೆನ್ನಾಗಿದೆ. ಮಾಂಸವನ್ನು ಮೂಳೆಗೆ ಹಿಡಿದಿಡೋ ಹುರಿ ಇರುತ್ತಲ್ಲ, ಅದರ ಎಳೆಗಳು ಕಿತ್ತಿವೆ. ಎಂಟು ತಿಂಗಳು ಗಾಡಿ ಹೂಡಬೇಡಿ."

"ಎಂಟು ತಿಂಗ್ಳಾ! ಬಸುರಿ ಎಂಗಸ್ರಿಗೂ ಏಳು ತಿಂಗ್ಳಿಗೇ ಸೀಮಂತ ಮಾಡ್ತಾರೆ ಸ್ವಾಮಿ!" ಎಂದು ಮಂಚಯ್ಯ ಹೌಹಾರಿದ.

"ನೀವೂ ಮಾಡ್ಕೊಳ್ಳಿ. ಬಳೆ ತೊಡಿಸೋಕೆ ನಾನೇ ಬರ್ತೀನಿ. ಓಡಿಸೋದು ಮಾತ್ರ ಬೇಡ."

ದಿನಕ್ಕೆರಡು ಸಲ ಹೊಳೆಯ ತಣ್ಣೀರಿನಲ್ಲಿ ನಿಲ್ಲಿಸಬೇಕು, ಪಟ್ಟಿ ಸುತ್ತಬೇಕು, ಆರು ವಾರ ಕೊಟ್ಟಿಗೆ, ಹೊಳೆ ಬಿಟ್ಟು ಬೇರೆಲ್ಲೂ ಅಲೆಯಬಾರದು. ಮಂಚಯ್ಯ ತಲೆಯಾಡಿಸಿದ. ಆರನೆಯ ವಾರ ಕಾಲನ್ನು ಮುಟ್ಟಿ ನೋಡಿದ. ಬಿಸಿ ಇರಲಿಲ್ಲ, ಊತ ಇಳಿದಿತ್ತು. ಭದ್ರಮ್ಮ ಸಸಿ ನೆಡಲು ಹೊಲಕ್ಕೆ ಹೋಗಿದ್ದ ದಿನ ಅವನು ಗಾಡಿ ಹೂಡಿಯೇಬಿಟ್ಟ. ಅರ್ಧ ಮೈಲಿಗೆ ಸಿಂಗಾರಿ ನಿಂತಿತು. ಬಾಳೆಕಾಯಿ ಮತ್ತೆ ಎದ್ದಿತ್ತು.

ಸಂಜೆ ಭದ್ರಮ್ಮ ಬಂದಾಗ ಗಂಡ ಗೊಂತಿನ ಪಕ್ಕ ತಲೆಗೆ ಟವಲು ಹೊದ್ದು ಕೂತಿದ್ದ.

"ಮೈಸೂರಿನ ದಲ್ಲಾಳಿಗೆ ಏಳ್ಕಳಿಸ್ತೀನಿ ಕಣಮ್ಮಿ. ನನ್ ಕೈಲಿ ನೋಡಕಾಗಕಿಲ್ಲ."

ದಲ್ಲಾಳಿಯ ಲಾರಿ ಹತ್ತಿದ ಕುಂಟು ಕುದುರೆ ಎಲ್ಲಿಗೆ ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಸಿಂಗಾರಿ ಎಂದಿನಂತೆ ಅವಳ ಮಡಿಲಲ್ಲಿ ಮೂತಿಯಿಟ್ಟು ಬೆಲ್ಲ ಹುಡುಕಿತು. ಹನ್ನೆರಡು ವರ್ಷ ಇಬ್ಬರ ಹೊಟ್ಟೆ ಹೊರೆದ ಪ್ರಾಣಿ ಅದು.

"ಬ್ಯಾರನ್ನಿಗೆ ಮೊದಲ್ನೇ ದಿನಾನೇ ಬೆಂಕಿ ಜಡಿದ್ರೆ ಏನಾಯ್ತದೆ, ಏಳು?" ಎಂದು ಭದ್ರಮ್ಮ ಕೇಳಿದಳು.

"ಎಲೆ ಹಸ್ರಾಗೇ ಒಣಗೋಯ್ತದೆ."

"ಮ್ಯಾಲೆ ಒಣಗಿರ್ತದೆ, ಒಳ್ಗೆ ಹದ ಬಂದಿರಕಿಲ್ಲ. ನೀನು ಮಾಡಿದ್ದೂ ಅದೇಯ. ಹಗ್ಗ ಇಲ್ ಕೊಡು. ಈ ಸಲದ ಬ್ಯಾರನ್ ಬೆಂಕಿ ಆರೋಗಂಟ ಇದು ನನ್ ಕುದ್ರೆ. ಅಲ್ಲೀಗಂಟ ದಲ್ಲಾಳಿ ಈ ಬಾಗ್ಲಿಗೆ ಬಂದ್ರೆ ಅವನ್ಗೂ ನಿಂಗೂ ಒಂದೇ ಪೊರಕೆ!"

"ಆರಿದ್ ಮ್ಯಾಕೂ ಕುಂಟಿದ್ರೆ?"

"ಆಗ ನಿನ್ನಿಷ್ಟ" ಎಂದುಬಿಟ್ಟಳು. ಹಾಗೆನ್ನಬಾರದಿತ್ತು ಎಂದು ಆಮೇಲೆ ಹೊಳೆಯಿತು. ಮಾತು ಹೊರಗೆ ಬಿದ್ದಾಗಿತ್ತು.

ಹೊಳೆಯಲ್ಲಿ ನಿಲ್ಲಿಸುವ ಕೆಲಸವನ್ನು ಅವಳು ಗಂಡನಿಗೇ ಹಚ್ಚಿದಳು. ಒಂದು ಕಡೆ ನಿಂತು ಗೊತ್ತಿಲ್ಲದ ಮಂಚಯ್ಯ ಲಕ್ಷ್ಮಣತೀರ್ಥದಲ್ಲಿ ಮೊಣಕಾಲುದ್ದ ನೀರಿಗಿಳಿದು, ದಿನಕ್ಕೆರಡು ಸಲ ಹಗ್ಗ ಹಿಡಿದು ನಿಲ್ಲತೊಡಗಿದ. ಬಟ್ಟೆ ಒಗೆಯುವವರೆಲ್ಲ ಅವನೊಂದಿಗೆ ಹರಟೆಗೆ ನಿಂತರು. ತಿಂಗಳು ಕಳೆಯುವಷ್ಟರಲ್ಲಿ ಅವನ ಹಿಮ್ಮಡಿಯ ಒಡಕು ವಾಸಿಯಾಯಿತು. "ಡಾಕ್ಟ್ರು ಮದ್ದು ನಂಗೇ ಮೊದ್ಲು ತಾಕ್ತು ಕಣಮ್ಮಿ" ಎಂದು ಕಾಲೆತ್ತಿ ತೋರಿಸಿದ.

ಆಷಾಢದ ಕೊನೆಗೆ ಗೌರೀಶ್ ನಡೆಸಲು ಒಪ್ಪಿದರು. ಮೊದಲ ವಾರ ಐದು ನಿಮಿಷ, ಆಮೇಲೆ ವಾರಕ್ಕೆ ಐದೈದು ನಿಮಿಷ ಹೆಚ್ಚು. ಒಂದು ನಿಮಿಷವೂ ಮೀರಬಾರದು. ಮನೆಯಲ್ಲಿ ಗಡಿಯಾರ ಇರಲಿಲ್ಲ. ಆಗಷ್ಟೇ ಹೊಲದಲ್ಲಿ ಮೊದಲ ಎಲೆ ಮುರಿಯುತ್ತಿದ್ದರು; ಕಟ್ಟಬೇಕಾದ ರಾಶಿ ಅವಳ ಮುಂದೆಯೇ ಇತ್ತು.

"ತಾಳಿ ಡಾಕ್ಟ್ರೇ, ನಿಮ್ ವಾಚು ನೋಡ್ತಾ ಇರಿ" ಎಂದು ಭದ್ರಮ್ಮ ಕೋಲೊಂದನ್ನು ಎಳೆದುಕೊಂಡು ಎಲೆ ಕಟ್ಟತೊಡಗಿದಳು. ಕೊನೆಯ ಗಂಟು ಬಿದ್ದಾಗ ಡಾಕ್ಟರು ಬೆರಗಾಗಿ ನಕ್ಕರು. ಸರಿಯಾಗಿ ಐದು ನಿಮಿಷ. ಇನ್ನೊಂದು ಕಟ್ಟಿಸಿದರು. ಅದೂ ಐದೇ.

ಅಂದಿನಿಂದ ನಾಲೆಯ ಏರಿಯ ಮೇಲೆ ಒಂದು ಹೊಸ ನೋಟ ಕಾಣತೊಡಗಿತು. ಹೆಗಲ ಮೇಲೆ ಹಗ್ಗ ಹಾಕಿಕೊಂಡ ಭದ್ರಮ್ಮ ಮುಂದೆ, ಸಿಂಗಾರಿ ಹಿಂದೆ. ಅವಳ ಎರಡು ಕೈಗಳೂ ಇಲ್ಲದ ಎಲೆಗಳನ್ನು ಇಲ್ಲದ ಕೋಲಿಗೆ ಕಟ್ಟುತ್ತಲೇ ಇದ್ದವು. ಬ್ಯಾರನ್ನಿನ ಒಡತಿ ಪುಟ್ಟಮಲ್ಲಮ್ಮ ಒಂದು ದಿನ ಏರಿಯ ಕೆಳಗಿನಿಂದ ಕೂಗಿದಳು.

"ಏನ್ ಭದ್ರಿ, ಗಾಳೀಗೇ ಸೊಪ್ಪು ಕಟ್ತಿದ್ದೀಯಲ್ಲೇ! ಅದ್ಕೂ ಕೂಲಿ ನಾನೇ ಕೊಡ್ಬೇಕಾ?"

"ಮೂರ್ನೇ ಕೋಲು ಕಣಕ್ಕ, ಮಾತಾಡಿಸ್ಬ್ಯಾಡ! ಗಂಟು ತಪ್ಪೋಯ್ತದೆ!"

ಮೂರು ಕೋಲು ಐದಾಯಿತು, ಎಂಟಾಯಿತು. ಮಂಚಯ್ಯನಿಗೆ ಏರಿ ಹತ್ತಲು ಅಪ್ಪಣೆಯಿರಲಿಲ್ಲ. ಅವನು ನಾಲಿಗೆ ಲೊಚಗುಟ್ಟಿದರೆ ಸಾಕು, ಸಿಂಗಾರಿ ಕಿವಿ ನಿಮಿರಿಸಿ ಓಟಕ್ಕೆ ಅಣಿಯಾಗುತ್ತಿತ್ತು. ಆದರೂ ಕೆಲವು ಸಂಜೆ ಕೊಟ್ಟಿಗೆಯಲ್ಲಿ ಕಾಲು ಸವರುವಾಗ ಭದ್ರಮ್ಮನ ಬೆರಳಿಗೆ ಆ ಹುರಿ ಗಡುಸಾಗಿ ತಾಕುತ್ತಿತ್ತು. ಇದು ವಾಸಿಯಾದ ಗಡುಸೋ, ಕೆಟ್ಟ ಗಡುಸೋ? ಎಲೆಯಾದರೆ ಬಣ್ಣ ನೋಡಿ ಹೇಳಬಹುದಿತ್ತು.

ಡಿಸೆಂಬರಿನಲ್ಲಿ ಕೊನೆಯ ಬ್ಯಾರನ್ನಿನ ಬೆಂಕಿ ಆರಿತು. ಗೌರೀಶ್ ಬಂದು, "ಗಟ್ಟಿ ನೆಲದ ಮೇಲೆ ಓಡಿಸಿ ನೋಡಬೇಕು" ಎಂದರು. ಮಂಚಯ್ಯ ಹಗ್ಗಕ್ಕೆ ಕೈ ಚಾಚಿದ.

"ನೀವು ಬೇಡ. ನೀವು ಹಿಡಿದರೆ ಅದು ಹಾರುತ್ತೆ. ಭದ್ರಮ್ಮ, ನೀವೇ ಓಡಿ."

"ನಾನಾ? ಮದ್ವೆ ಆದ್ ಮ್ಯಾಲೆ ಬಸ್ಸಿಗೂ ಓಡಿಲ್ಲ ಸ್ವಾಮಿ!"

ಆದರೂ ಸೆರಗು ಸಿಕ್ಕಿಸಿದಳು. ಮಂಚಯ್ಯ ರಸ್ತೆಗೆ ಬೆನ್ನು ತಿರುಗಿಸಿ ಕಣ್ಣು ಮುಚ್ಚಿದ. ಕುಂಟು ಎಂಬುದು ಕಣ್ಣಿಗಿಂತ ಮೊದಲು ಜಟಕಾದವನ ಕಿವಿಗೆ ಗೊತ್ತಾಗುತ್ತದೆ.

"ಚಪ್ಲಿ ಬುಡಮ್ಮಿ! ನಿನ್ ಪಟಪಟದಲ್ಲಿ ಅದ್ರ ಕಾಲೇ ಕೇಳಕಿಲ್ಲ!"

ಚಪ್ಪಲಿಗಳು ಒಂದೊಂದು ದಿಕ್ಕಿಗೆ ಹಾರಿದವು. ಆಮೇಲೆ ಉಳಿದದ್ದು ಗೊರಸಿನ ಸದ್ದೊಂದೇ. ಟಕ್, ಟಕ್, ಟಕ್, ಟಕ್. ಎಲ್ಲಿಯೂ ಒಂದು ಹೆಜ್ಜೆ ಹಗುರಾಗಲಿಲ್ಲ, ಒಂದು ಹೆಜ್ಜೆ ತಡವಾಗಲಿಲ್ಲ. ಮಂಚಯ್ಯ ಕಣ್ಣು ಬಿಟ್ಟು ತಿರುಗಿದ. ಭದ್ರಮ್ಮ ಡಾಕ್ಟರು ತೋರಿಸಿದ್ದ ಹುಣಸೆಮರವನ್ನೂ ದಾಟಿ ಓಡುತ್ತಲೇ ಇದ್ದಳು. ತುರುಬು ಬಿಚ್ಚಿತ್ತು. ಅವಳ ನಗು ಇಲ್ಲಿಯವರೆಗೂ ಕೇಳುತ್ತಿತ್ತು.

"ಸಾಕು ನಿಲ್ಸಮ್ಮಿ! ನಿಧಾನ!" ಎಂದು ಕೂಗುತ್ತಾ ಮಂಚಯ್ಯ ಅವಳ ಹಿಂದೆಯೇ ಓಡಿದ.

ಮೂವರೂ ಏದುಸಿರು ಬಿಡುತ್ತಾ ಹಿಂತಿರುಗಿದರು. ಗೌರೀಶ್ ಬಗ್ಗಿ ಕಾಲು ಸವರಿ ತೃಪ್ತಿಯಿಂದ ಎದ್ದರು. "ಒಂದು ತಿಂಗಳು ಬರೀ ಗಾಡಿ ಎಳೆಸಿ. ಜನ ಹತ್ತಿಸಬೇಡಿ."

ಸಿಂಗಾರಿಯ ಕುತ್ತಿಗೆಗೆ ಕೆನ್ನೆಯಾನಿಸಿ ನಿಂತಿದ್ದ ಮಂಚಯ್ಯ, "ಎರಡ್ ತಿಂಗ್ಳು ಮಾಡಿ ಸ್ವಾಮಿ" ಎಂದ.