ಅಮ್ಮನನ್ನು ನೋಡುವವರು ಯಾರು

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಹಾಸಿಗೆಯಿಂದ ಏಳಲಿಲ್ಲ. ನನ್ನ ಹೆಂಡತಿ ತೀರಿಹೋಗಿ ಸುಮಾರು ವರ್ಷವಾಯಿತು. ನಾನು ಬೆಳ್ಳಾರೆ ಕಡೆಯ ರಬ್ಬರ್ ತೋಟದಲ್ಲಿ ಮರ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಮಾಡುವವನು. ಬೆಳಕು ಹರಿಯುವ ಮೊದಲೇ ಮರದ ಬುಡದಲ್ಲಿರಬೇಕು. ಅನ್ನ ಬೇಯಿಸಬಲ್ಲೆ, ಬಟ್ಟೆ ಒಗೆಯಬಲ್ಲೆ. ಆದರೆ ಹೆತ್ತ ತಾಯಿಯ ಸೀರೆ ಬಿಚ್ಚಿ ಮೀಯಿಸಲು ನನಗೆ ಕೈ ಬರಲಿಲ್ಲ. ಅಮ್ಮನೂ ಬಿಡುತ್ತಿರಲಿಲ್ಲ. ಪಕ್ಕದ ಮನೆಯ ಹೆಂಗಸು ಬರುವ ತನಕ ಒದ್ದೆಯಲ್ಲೇ ಮಲಗಿರುತ್ತಿದ್ದಳು. ಕೊನೆಗೆ ಸಿಲೋನಿನಿಂದ ಅಕ್ಕ ಬಂದಳು.

ನಾವು ತಮಿಳರು, ಅಜ್ಜನ ಕಾಲದಿಂದ ಸಿಲೋನಿನ ಚಹಾ ತೋಟದಲ್ಲಿದ್ದವರು. ಭಾರತ, ಸಿಲೋನ್ ಎರಡೂ ಸರಕಾರಗಳು ಮಾತಾಡಿಕೊಂಡು ನಮ್ಮನ್ನು ಹಂಚಿಕೊಂಡಾಗ ಅಪ್ಪ, ಅಮ್ಮ, ನಾನು ಹಡಗು ಹತ್ತಿ ಈ ಕಡೆ ಬಂದೆವು. ಅಕ್ಕನಿಗೆ ಆಗಲೇ ಮದುವೆಯಾಗಿತ್ತು. ಗಂಡನ ಮನೆಯವರಿಗೆ ಅಲ್ಲಿಯ ಪೌರತ್ವ ಸಿಕ್ಕಿದ್ದರಿಂದ ಅವಳು ಅಲ್ಲೇ ಉಳಿದಳು. ಸುಳ್ಯದ ಪೇಟೆಯಲ್ಲಿ ನನ್ನನ್ನು ಈಗಲೂ ‘ಸಿಲೋನಿನವ’ ಎನ್ನುವವರಿದ್ದಾರೆ. ಕಾಗದದ ಪ್ರಕಾರ ನಾನು ಈ ದೇಶದವ, ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕ ವಿದೇಶಿ.

ಅಕ್ಕನ ವೀಸಾ ಮುಗಿಯುತ್ತ ಬಂತು. ತಾಯಿಯ ಆರೈಕೆಗೆ ಇವಳು ಬೇಕೇ ಬೇಕು, ಇನ್ನಷ್ಟು ಕಾಲ ಇರಲು ಬಿಡಿ ಎಂದು ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ಹಾಕಿಸಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಟ್ಯಾಪಿಂಗ್ ಕತ್ತಿ ಹಿಡಿದವನು ನಾನು, ಯಾರ ಎದುರೂ ಕೈಕಟ್ಟಿ ನಿಂತವನಲ್ಲ. ಈ ಅರ್ಜಿಗಾಗಿ ಪುತ್ತೂರಿನಲ್ಲಿ ನಿಂತೆ, ಮಂಗಳೂರಿನಲ್ಲಿ ನಿಂತೆ. ಆಮೇಲೆ ಒಬ್ಬ ಪೊಲೀಸ್ ಮನೆಗೆ ವಿಚಾರಣೆಗೆ ಬಂದ.

“ಅಜ್ಜೀ, ನಿಮ್ಮನ್ನು ಯಾರು ನೋಡಿಕೊಳ್ಳುದು?”

ಅಮ್ಮ ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಿದಳು. “ಮಗ,” ಎಂದಳು.

“ಮೀಯಿಸುದು?”

“ಎಲ್ಲ ಮಗನೇ.”

ಅಕ್ಕ ಅಮ್ಮನ ಬಟ್ಟೆ ತುಂಬಿದ ಬಾಲ್ದಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಪೊಲೀಸ್ ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದ. “ಎಲ್ಲ ನೀನೇ ಮಾಡುದಾದ್ರೆ ಅಕ್ಕ ಎಂತಕ್ಕೆ ಮಾರಾಯ? ಇದನ್ನೇ ಬರೆದ್ರೆ ಅವರನ್ನು ನಾಳೆಯೇ ಕಳಿಸ್ತಾರೆ.”

“ಅಮ್ಮ ಸುಳ್ಳು ಹೇಳುದು ಸಾರ್. ಅದೆಲ್ಲ ನನ್ನಿಂದ ಆಗುದಿಲ್ಲ.”

“ಅವ ಹಾಗೆಯೇ,” ಎಂದಳು ಅಮ್ಮ. “ಮಾಡಿದ್ದನ್ನು ಹೇಳಿಕೊಳ್ಳುದಿಲ್ಲ.”

ಪೊಲೀಸಿಗೆ ನಗು ಬಂತು. “ನಾಡಿದ್ದು ಪಂಜಕ್ಕೆ ಹೋಗ್ಲಿಕ್ಕುಂಟು, ಆಗ ಪುನಃ ಬರ್ತೇನೆ. ಅಷ್ಟರಲ್ಲಿ ನೀವು ಮೂರು ಜನ ಮಾತಾಡಿ ಒಂದು ತೀರ್ಮಾನ ಮಾಡಿ.”

ಮಗ ಇದ್ದೂ ಮಗಳ ಕೈಯಲ್ಲಿ ಬದುಕುತ್ತಿದ್ದೇನೆ ಎಂದು ಹೊರಗಿನವರ ಎದುರು ಹೇಳಿದರೆ ನಮ್ಮಲ್ಲಿ ಅದು ಮಗನಿಗೆ ಉಗಿದ ಹಾಗೆ. ನಾನು ಎಷ್ಟು ಹೇಳಿದರೂ ಅಮ್ಮ ಒಪ್ಪಲಿಲ್ಲ.

“ನನ್ನನ್ನು ಓಡಿಸಿ ತಂಬಿಯ ಮರ್ಯಾದೆ ಉಳಿಸುದಾ?” ಎಂದು ಅಕ್ಕ ನಗುತ್ತ ಕೇಳಿದಳು. ಅವಳಿಗೆ ಗಂಡನಿಲ್ಲ, ಅವಳ ಮೊಣಕಾಲೂ ಬಾತಿರುತ್ತದೆ.

“ನನ್ನ ಮರ್ಯಾದೆ ಬಿಡಮ್ಮ,” ಎಂದೆ. “ಅಕ್ಕ ಹೋದ್ರೆ ನಿನ್ನನ್ನು ಎತ್ತುದು ಯಾರು?”

ಅಮ್ಮ ಗೋಡೆಯ ಕಡೆ ಮುಖ ಮಾಡಿದಳು. ನಾನು ಊಟ ಮುಗಿಸಿ ಕೈ ತೊಳೆಯುವಾಗ ಅಲ್ಲಿಂದಲೇ ಹೇಳಿದಳು. “ಹೇಳ್ತೇನೆ. ನೀನು ಆಗ ಇಲ್ಲಿ ಇರಬೇಡ.”

ಪೊಲೀಸ್ ಬಂದಾಗ ನಾನು ತೋಟದಲ್ಲಿದ್ದೆ. ನಡೆದದ್ದನ್ನು ಅಕ್ಕ ಆಮೇಲೆ ಹೇಳಿದಳು. “ಮಗಳು ನೋಡುದು ಅಂದಳು ಅಮ್ಮ. ಮತ್ತೆ, ಮಗ ದುಡಿಯುವವ, ಅವನಿಗೆ ಪುರುಸೊತ್ತಿಲ್ಲ, ಅದನ್ನೂ ಬರೀರಿ ಅಂತ ಹಟ ಹಿಡಿದಳು. ಬರೆದು ಓದಿ ಹೇಳುವ ತನಕ ಅವರನ್ನು ಏಳಲಿಕ್ಕೆ ಬಿಡ್ಲಿಲ್ಲ.”

ಅಕ್ಕನಿಗೆ ಇನ್ನು ಕೆಲವು ತಿಂಗಳು ಇರಲು ಅನುಮತಿ ಸಿಕ್ಕಿದೆ. ಅದು ಮುಗಿಯುವ ಹೊತ್ತಿಗೆ ಪುನಃ ಅರ್ಜಿ, ಪುನಃ ವಿಚಾರಣೆ. ನನಗೆ ಸಾಕಾಗಿದೆ, ಆದರೂ ಓಡಾಡುತ್ತೇನೆ. ಪೊಲೀಸ್ ಬರುವ ದಿನ ಮಾತ್ರ ಮನೆಯಲ್ಲಿ ಇರುವುದಿಲ್ಲ.